ನಾಲ್ಕನೇ ನಂಬರಿನ ಗಡಿಯಾರ

ಹ್ಯಾಮಿಲ್ಟನ್, ನ್ಯೂಕಾಸಲ್
16 ಮಾರ್ಚ್ 1984

ಆರ್ವಿಡ್ಸ್,

ಎರಡು ಗುರುವಾರ ಆಯಿತು, ಕ್ಲಬ್ಬಿನಲ್ಲಿ ನಿನ್ನ ಮುಖವಿಲ್ಲ. ಮೊದಲ ವಾರ ನೆಗಡಿ ಇರಬೇಕು ಅಂದುಕೊಂಡೆ. ನಿನ್ನೆಯೂ ಬರಲಿಲ್ಲ. ಇಪ್ಪತ್ತೆರಡು ವರ್ಷದಲ್ಲಿ ನೀನು ಸಾಲಾಗಿ ಎರಡು ವಾರ ತಪ್ಪಿಸಿದ್ದು ಒಂದೇ ಸಲ, ಅದೂ ನಿನ್ನ ವೆಲ್ಟಾಗೆ ಆಪರೇಷನ್ ಆದಾಗ. ಫೋನು ಮಾಡಿದರೆ ನಿನ್ನ ಕಿವಿಗೆ ಕೇಳಿಸುವುದಿಲ್ಲ, "ಹಾಂ? ಹಾಂ?" ಎಂದು ಕಿರುಚಿ ಇಟ್ಟುಬಿಡುತ್ತೀಯ. ಫೆರಿ ಹತ್ತಿ ಸ್ಟಾಕ್ಟನ್‌ಗೇ ಬರೋಣವೆಂದರೆ, ನಿನ್ನ ಬಾಗಿಲಲ್ಲಿ ನಿಂತು ಏನು ಹೇಳಬೇಕೋ ತಿಳಿಯಲಿಲ್ಲ. ಅದಕ್ಕೇ ಈ ಕಾಗದ.

ಮೊದಲು ಚೆಸ್ ಕ್ಲಬ್ಬಿನ ಸೆಕ್ರೆಟರಿಯಾಗಿ ನನ್ನ ಮಾತು. ಮಾರ್ಚ್ ಒಂದರಂದು ನಡೆದ ಕೊನೆಯ ಸುತ್ತಿನ ಆಟದಲ್ಲಿ, ಮೂವತ್ತನಾಲ್ಕನೇ ನಡೆಯಲ್ಲಿ, ನಿನ್ನ ಸಮಯ ಮುಗಿದು ಗಡಿಯಾರದ ಬಾವುಟ ಬಿದ್ದದ್ದರಿಂದ ಪೂರ್ತಿ ಅಂಕ ನನಗೆ ಬಂತು. ಅಲ್ಲಿಯವರೆಗೆ ನಮ್ಮಿಬ್ಬರ ಅಂಕವೂ ಸಮ ಇದ್ದದ್ದರಿಂದ ಈ ವರ್ಷದ ಕ್ಲಬ್ ಚಾಂಪಿಯನ್ ನಾನು. ತಕರಾರಿದ್ದರೆ ಹದಿನಾಲ್ಕು ದಿನದೊಳಗೆ ಬರೆದು ಕೊಡಬೇಕೆಂಬುದು ನಿಯಮ. ಗಡುವು ನಿನ್ನೆಗೆ ಮುಗಿಯಿತು, ನೀನು ಏನೂ ಕೊಟ್ಟಿಲ್ಲ.

ಇನ್ನು ನೆವಿಲ್‌ನ ಮಾತು. ನಿನ್ನೆ ಬಾರ್ನಿ ಎಲ್ಲರೆದುರು ಶುರು ಮಾಡಿದ: "ಏನ್ ಸೆಕ್ರೆಟರಿ, ಗೋಡೆ ಹಲಗೆ ಮೇಲೆ ನಿನ್ ಹೆಸ್ರು ಯಾವಾಗ ಬರೆಸ್ತೀಯ? ಆರ್ವಿಡ್ಸ್ ಹೆಸ್ರು ಐದು ಸಲ ಬರ್ದು ಬರ್ದು ಪೇಂಟರಿಗೆ ಬೇಜಾರಾಗಿದೆಯಂತೆ, ಹೊಸಾದು ಕೊಡಯ್ಯ!"

"ಅರ್ಜೆಂಟ್ ಏನಿದೆ ಬಿಡು," ಅಂದೆ.

"ಅರ್ಜೆಂಟ್ ಇಲ್ವಾ? ಇಪ್ಪತ್ತೆರಡು ವರ್ಷ ಬಾಯಿ ಬಿಟ್ಕೊಂಡು ಕಾದಿದ್ದೀಯಲ್ಲ ಮಾರಾಯ!"

ಎಲ್ಲರೂ ನಕ್ಕರು, ನಾನೂ ನಕ್ಕೆ. ಹೆಸರು ಇನ್ನೂ ಬರೆಸಿಲ್ಲ. ಸೋತದ್ದಕ್ಕೆ ಮುನಿಸಿಕೊಳ್ಳುವ ಜಾತಿಯವನಲ್ಲ ನೀನು, ಅದಕ್ಕೇ ನನಗೆ ಹೆಚ್ಚು ಕಸಿವಿಸಿ. ಕೋಪವಿದ್ದರೆ ಬೈದು ಬರೆ. ಹೀಗೆ ಬಾಯಿ ಹೊಲಿದುಕೊಂಡು ಮಾತ್ರ ಇರಬೇಡ.

ನಿನ್ನ ಕಾಗದದ ದಾರಿ ಕಾಯುವ,
ನೆವ್


ಸ್ಟಾಕ್ಟನ್
27 ಮಾರ್ಚ್ 1984

ನೆವ್,

ಕೋಪವಿಲ್ಲ. ಇದ್ದಿದ್ದರೆ ಅವತ್ತೇ ಬೋರ್ಡು ಎತ್ತಿ ನಿನ್ನ ಬೋಳುತಲೆಗೆ ಕುಟ್ಟಿರುತ್ತಿದ್ದೆ. ನಿನಗೊಂದು ಪ್ರಶ್ನೆ ಕೇಳಬೇಕಿದೆ, ಹೇಗೆ ಕೇಳಬೇಕೆಂದು ತಿಳಿಯದೆ ಮನೆಯಲ್ಲಿ ಕೂತೆ, ಅಷ್ಟೆ.

ಮೂವತ್ತನಾಲ್ಕನೇ ನಡೆ. ಕುದುರೆ ಎತ್ತಿ ನಿನ್ನ ಆನೆಯ ಎದುರಿಗೆ ಇಟ್ಟೆ. ಗಡಿಯಾರದ ನನ್ನ ಕಡೆಯ ಗುಂಡಿ ಒತ್ತಿದೆ. ಒತ್ತಿದ್ದು ನೆನಪಿದೆ, ಹಿತ್ತಾಳೆ ಬೆರಳಿಗೆ ತಣ್ಣಗೆ ತಾಗಿದ್ದೂ ನೆನಪಿದೆ. ಒತ್ತಿದ ಮೇಲೆ ನನ್ನ ಮುಳ್ಳು ನಿಂತು ನಿನ್ನ ಮುಳ್ಳು ಓಡಬೇಕು ತಾನೆ? ನಾನು ಹಾಗೇ ಅಂದುಕೊಂಡು ಕೂತೆ. ನೀನು ಎರಡೂ ಕೈಯಲ್ಲಿ ತಲೆ ಹಿಡಿದು ಬೋರ್ಡು ನೋಡುತ್ತಿದ್ದೆ. ಎದುರಾಳಿಯ ಹೊತ್ತು ಓಡುವಾಗ ನಾನು ಗಡಿಯಾರ ನೋಡುವುದಿಲ್ಲ, ನಿನಗೆ ಗೊತ್ತು. ಹಾಗೆ ನೋಡುವುದು ಊಟ ಮಾಡುವವನ ತಟ್ಟೆ ಇಣುಕಿದ ಹಾಗೆ ಎಂದು ಅಪ್ಪ ಕಲಿಸಿದ್ದ. ಆಮೇಲೆ ನೀನು "ಬಾವುಟ" ಅಂದೆ. ನೋಡಿದರೆ ಓಡುತ್ತಿದ್ದದ್ದು ನನ್ನ ಮುಳ್ಳು. ಇಪ್ಪತ್ತು ನಿಮಿಷ ಉಳಿಸಿಕೊಂಡಿದ್ದವನು ನಾನು. ಒಂದೆರಡು ನಿಮಿಷ ಕುದುರೆಗೆ ಹೋಗಿದ್ದರೂ ಉಳಿದದ್ದೆಲ್ಲ ನಾನು ಕೈಕಟ್ಟಿ ಕೂತಿದ್ದಾಗ ಹೋಗಿದೆ.

ಹಾಗಾದರೆ ಎರಡರಲ್ಲಿ ಒಂದು. ಗಡಿಯಾರ ಕೆಟ್ಟಿತ್ತು, ಇಲ್ಲವೇ ನಾನು ಒತ್ತಲೇ ಇಲ್ಲ.

ಅಂಕ ನಿನ್ನಲ್ಲೇ ಇರಲಿ, ಅದಕ್ಕಾಗಿ ಕೇಳುತ್ತಿಲ್ಲ. ಜನವರಿಯಲ್ಲಿ ಒಂದು ದಿನ ಕೆಲಸ ಮುಗಿಸಿ ಫೆರಿ ಇಳಿದವನಿಗೆ ಮನೆ ಎಡಕ್ಕೋ ಬಲಕ್ಕೋ ತಿಳಿಯಲಿಲ್ಲ. ಅರ್ಧ ನಿಮಿಷ, ಅಷ್ಟೆ. ಬೇಸಿಗೆಯ ಬಿಸಿಲಿಗೆ ಎಂದುಕೊಂಡೆ. ಆದರೆ ನೆವ್, ನಾನು ಕೂರುವುದು ಬಂದರಿನ ವಾರ್ಫಿನ ಕ್ರೇನಿನ ಮೇಲೆ. ಆರು ಟನ್ ಮರದ ಹೊರೆ ಗಾಳಿಯಲ್ಲಿ ತೂಗುತ್ತಿರುತ್ತದೆ, ಕೆಳಗೆ ಜನ ಓಡಾಡುತ್ತಾರೆ. ಹೊರೆ ನಿಲ್ಲಿಸಿದಾಗ ಬ್ರೇಕಿನ ಹಿಡಿ ಎಳೆದು ಕೊಕ್ಕೆ ಸಿಕ್ಕಿಸಬೇಕು, ಆಮೇಲೆಯೇ ಕೈ ತೆಗೆಯಬೇಕು. ಇಪ್ಪತ್ತಮೂರು ವರ್ಷ ಕೈ ತಾನಾಗಿ ಮಾಡಿದ ಕೆಲಸ ಅದು. ಮಾಡದೆ ಇದ್ದದ್ದನ್ನು ಮಾಡಿದೆ ಎಂದು ನನ್ನ ಕೈ ನನಗೇ ಸುಳ್ಳು ಹೇಳುವ ಹಾಗಾದರೆ ನಾನು ಅಲ್ಲಿ ಕೂರಬಾರದು.

ನಿವೃತ್ತಿಗೆ ಇನ್ನು ಹದಿನಾಲ್ಕು ತಿಂಗಳು. ಸುಮ್ಮನೆ ಅನುಮಾನಕ್ಕೆ ಡಾಕ್ಟರ ಹತ್ತಿರ ಹೋದರೆ ಅವತ್ತೇ ಕೆಳಗಿಳಿಸುತ್ತಾರೆ. ವೆಲ್ಟಾಗೆ ಏನೂ ಹೇಳಿಲ್ಲ. ನೀನು ಗಡಿಯಾರ ರಿಪೇರಿಯವನು, ಕ್ಲಬ್ಬಿನ ಗಡಿಯಾರಗಳೆಲ್ಲ ನಿನ್ನ ಕೈಯಲ್ಲೇ ಇವೆ. ಅವತ್ತು ನಮ್ಮ ಮೇಜಿನ ಮೇಲಿದ್ದದ್ದು ನಾಲ್ಕನೇ ನಂಬರಿನದು. ಬಿಚ್ಚಿ ನೋಡಿ ಹೇಳು. ಅದು ಕೆಟ್ಟಿದ್ದರೆ ನಾಳೆ ಶಿಳ್ಳೆ ಹಾಕುತ್ತ ಮೇಲೆ ಹತ್ತುತ್ತೇನೆ. ಸರಿಯಿದ್ದರೆ ನಾಳೆಯೇ ಇಳಿಯುತ್ತೇನೆ. ನೀನು ಏನು ಬರೆದರೂ ಅದೇ ಕೊನೆಯ ಮಾತು.

ನಿನ್ನ ಮಾತಿಗೆ ಕಾದಿರುವ,
ಆರ್ವಿಡ್ಸ್


ಹ್ಯಾಮಿಲ್ಟನ್
2 ಏಪ್ರಿಲ್ 1984

ಆರ್ವಿಡ್ಸ್,

ನಿನ್ನ ಕಾಗದ ಶುಕ್ರವಾರ ಸಿಕ್ಕಿತು. ಶನಿವಾರ ಅಂಗಡಿ ಬೇಗ ಮುಚ್ಚಿ ನಾಲ್ಕನೇ ನಂಬರಿನ ಗಡಿಯಾರ ಬಿಚ್ಚಿದೆ. ವಿಷಯ ಸರಳ. ಎರಡು ಗುಂಡಿಗಳ ನಡುವೆ ಏತದ ಹಾಗೆ ಏಳುವ ಬೀಳುವ ಅಡ್ಡಪಟ್ಟಿ ಇದೆಯಲ್ಲ, ಅದರ ತಿರುಗಣಿ ನಿನ್ನ ಕಡೆಗೆ ಸವೆದುಹೋಗಿದೆ. ಒತ್ತಿದರೆ ಕೆಳಗೆ ಹೋಗುತ್ತದೆ, ಕೈ ತೆಗೆದ ಮೇಲೆ ಮೆಲ್ಲಗೆ ಮೇಲೆ ಬಂದುಬಿಡುತ್ತದೆ. ಹತ್ತು ಸಲ ಒತ್ತಿ ನೋಡಿದೆ, ಮೂರು ಸಲ ಹಾಗೇ ಆಯಿತು. ಹಳೆಯ ಜರ್ಮನ್ ಮಾಲು, ಹಿತ್ತಾಳೆ ಮೆದು. ಎಣ್ಣೆ ಒಣಗಿ ಧೂಳು ಕೂತರೆ ಹೀಗಾಗುವುದು ಸಹಜ. ಹೊಸ ತಿರುಗಣಿ ಹಾಕಿದ್ದೇನೆ, ಸ್ಪ್ರಿಂಗೂ ಬದಲಿಸಿದ್ದೇನೆ. ಈಗ ಗಟ್ಟಿಯಾಗಿ ಕೂರುತ್ತದೆ.

ನೀನು ಒತ್ತಿದ್ದೆ. ನಿನ್ನ ಕೈಯದು ಏನೂ ತಪ್ಪಿಲ್ಲ. ತಪ್ಪು ಗಡಿಯಾರದ್ದು, ಅದನ್ನು ನೋಡಿಕೊಳ್ಳಬೇಕಾಗಿದ್ದ ನನ್ನದು. ನಾನೂ ಯೋಚನೆಯಲ್ಲಿ ಮುಳುಗಿ, ಬಾವುಟ ಬೀಳುವ ತನಕ ಆ ಕಡೆ ಕಣ್ಣು ಹಾಯಿಸಿರಲಿಲ್ಲ.

ನೆಮ್ಮದಿಯಾಗಿ ಮೇಲೆ ಹತ್ತು. ಫೆರಿ ಇಳಿದಾಗ ಎಡ ಬಲ ಗೊಂದಲವಾಗುವುದು ನನಗೂ ಆಗುತ್ತದೆ, ಅಂಗಡಿ ಬೀಗ ಹಾಕಿದೆನೋ ಇಲ್ಲವೋ ಎಂದು ವಾರಕ್ಕೆರಡು ಸಲ ವಾಪಸು ಹೋಗುತ್ತೇನೆ. ವಯಸ್ಸಪ್ಪಾ, ಐವತ್ತೊಂಬತ್ತು. ಬೇಕಿದ್ದರೆ ಆ ಆಟವನ್ನು ಮೂವತ್ತನಾಲ್ಕನೇ ನಡೆಯಿಂದ ಮತ್ತೆ ಆಡೋಣ. ಗುರುವಾರ ಬಾ.

ನಿನ್ನ,
ನೆವ್


ಸ್ಟಾಕ್ಟನ್
6 ಏಪ್ರಿಲ್ 1984

ಅಯ್ಯಾ ಗಡಿಯಾರದ ಡಾಕ್ಟರೇ,

ನಿನ್ನ ಕಾಗದ ಓದಿ ಅಡುಗೆಮನೆಯಲ್ಲಿ ಕುಣಿದೆ. ವೆಲ್ಟಾ ಸೌಟು ಹಿಡಿದುಕೊಂಡೇ ಬಂದಳು. "ಏನ್ರೀ, ಲಾಟರಿ ಹೊಡೀತಾ?"

"ಗಡಿಯಾರ ಕೆಟ್ಟಿತ್ತಂತೆ!"

"ಅದಕ್ಕೆ ಯಾರಾದ್ರೂ ಕುಣೀತಾರಾ? ತಲೆಗಿಲೆ ಕೆಟ್ಟಿದೆಯಾ ನಿಮ್ಗೆ?"

"ಅದೇ ಕಣೆ, ಕೆಟ್ಟಿಲ್ಲ! ಅದಕ್ಕೇ ಕುಣೀತಿರೋದು!"

ಅವಳಿಗೆ ತಲೆಬುಡ ತಿಳಿಯಲಿಲ್ಲ, ಆದರೂ ಬೇಕನ್ ತುಂಬಿದ ನಮ್ಮ ಕಡೆಯ ಬನ್ನು ಮಾಡಿದಳು. ಯುದ್ಧದ ನಂತರ ಈ ದೇಶದ ಗ್ರೆಟಾ ವಲಸಿಗರ ಕ್ಯಾಂಪಿಗೆ ಬಂದ ಹೊಸತರಲ್ಲಿ, ಹಿಟ್ಟು ಸಿಕ್ಕಿದ ದಿನ ನಾವಿಬ್ಬರೂ ಹೀಗೇ ಕುಣಿದಿದ್ದೆವು. ನಿನಗೂ ಆರು ಬನ್ನು ಎತ್ತಿಟ್ಟಿದ್ದೇನೆ. ಬಾರ್ನಿಗೆ ತೋರಿಸಬೇಡ, ಒಂದೂ ಉಳಿಯುವುದಿಲ್ಲ.

ಆಟ ಮತ್ತೆ ಆಡುವುದು ಬೇಡ. ಬಾವುಟ ಬಿದ್ದದ್ದು ಬಿದ್ದದ್ದೇ, ಹಲಗೆಯ ಮೇಲೆ ನಿನ್ನ ಹೆಸರು ಬರೆಸು. ಮುಂದಿನ ವರ್ಷ ಅದರ ಕೆಳಗೆ ನನ್ನದು ಬರೆಸುತ್ತೇನೆ, ನೋಡುತ್ತಿರು.

ಇನ್ನೊಂದು ಮಾತು, ನಗಬೇಡ. ಈ ಒಂದು ತಿಂಗಳು ಹೊರೆ ನಿಲ್ಲಿಸಿದಾಗಲೆಲ್ಲ ಕೊಕ್ಕೆಯನ್ನು ಎರಡೆರಡು ಸಲ ಮುಟ್ಟಿ ನೋಡುತ್ತಿದ್ದೆ. ಕೆಳಗಿನವರು "ಏನಪ್ಪಾ ಮೇಲೆ ನಿದ್ದೆನಾ?" ಎಂದು ಕೂಗುತ್ತಿದ್ದರು. ಇವತ್ತಿನಿಂದ ಅದು ನಿಂತಿತು. ಬದುಕಿಸಿದೆ ಕಣೋ.

ನಿನ್ನ ಋಣದಲ್ಲಿರುವ,
ಆರ್ವಿಡ್ಸ್


ಹ್ಯಾಮಿಲ್ಟನ್
22 ಜೂನ್ 1984

ಆರ್ವಿಡ್ಸ್,

ನಿನ್ನೆ ತಾನೆ ಎದುರುಬದುರು ಕೂತಿದ್ದವನು ಇವತ್ತು ಯಾಕೆ ಕಾಗದ ಬರೆಯುತ್ತಾನೆ ಅನ್ನಿಸಬಹುದು. ಎದುರಿಗೆ ಹೇಳಲು ಬಾಯಿ ಬರಲಿಲ್ಲ.

ನಿನ್ನೆ ನೀನು ಬಹಳ ದಣಿದ ಹಾಗೆ ಕಂಡೆ. "ಯಾರ ನಡೆ?" ಎಂದು ಮೂರು ಸಲ ಕೇಳಿದೆ. ಒಂದು ಸಲ ನಾನು ಆಡುವ ಮೊದಲೇ ನಿನ್ನ ಒಂಟೆಯನ್ನು ಮತ್ತೆ ಎತ್ತಿದೆ. ನಾನು ನಕ್ಕು ಕೆಳಗಿಡಿಸಿದೆ, ನೀನೂ ನಕ್ಕೆ. ಯಾರೂ ಗಮನಿಸಿರಲಿಕ್ಕಿಲ್ಲ. ಈಗ ಜೂನಿನ ಚಳಿಗಾಲ ಬೇರೆ. ಮುಂಜಾನೆ ಆ ಕಬ್ಬಿಣದ ಏಣಿ ಹತ್ತುವುದು ಈ ವಯಸ್ಸಿಗೆ ಬೇಕೇ? ಒಂದೆರಡು ತಿಂಗಳು ರಜೆ ಹಾಕು. ಬೆನ್ನುನೋವು ಎಂದರೆ ಯಾರೂ ಏನೂ ಕೇಳುವುದಿಲ್ಲ. ಡಾಕ್ಟರಿಗೂ ಒಮ್ಮೆ ತೋರಿಸು, ಬೆನ್ನಿಗೆ ಎಂದೇ ಹೇಳಿ. ನಾನು ಜೊತೆಗೆ ಬರುತ್ತೇನೆ.

ಇನ್ನೂ ಹೇಳುವುದಿತ್ತು. ಇಷ್ಟು ಬರೆಯುವುದಕ್ಕೇ ಎರಡು ಹಾಳೆ ಹರಿದೆ.

ನೆವ್


ಸ್ಟಾಕ್ಟನ್
26 ಜೂನ್ 1984

ನೆವ್,

ನನ್ನ ಬೆನ್ನು ಎತ್ತಿನ ಬೆನ್ನು. ನಿನಗೆ ಇದ್ದಕ್ಕಿದ್ದ ಹಾಗೆ ಅದರ ಚಿಂತೆ ಯಾಕೆ ಹತ್ತಿತು? ಜೂನಿನಲ್ಲಿ ಮೂರು ಆಟ ಸೋತಿದ್ದೀಯ, ಅದಕ್ಕೇ ನನ್ನನ್ನು ಮನೆಯಲ್ಲಿ ಕೂರಿಸುವ ಹುನ್ನಾರ. ಗೊತ್ತಾಗದೆ ಇರುತ್ತದೆಯೇ!

ತಮಾಷೆ ಬಿಡು. ನಿಜ, ಕೆಲವು ದಿನ ತಲೆ ಮಂಜು ಕವಿದ ಹಾಗಿರುತ್ತದೆ. ಅಂಥ ದಿನ ಕ್ಯಾಬಿನ್‌ನಲ್ಲಿ ಕೂತು ಪರ್ಸಿನಿಂದ ನಿನ್ನ ಏಪ್ರಿಲ್ ಕಾಗದ ತೆಗೆದು ಓದುತ್ತೇನೆ. "ನೀನು ಒತ್ತಿದ್ದೆ. ನಿನ್ನ ಕೈಯದು ಏನೂ ತಪ್ಪಿಲ್ಲ." ಮಡಿಕೆ ಹರಿಯುತ್ತಾ ಬಂದಿದೆ, ಟೇಪು ಅಂಟಿಸಿದ್ದೇನೆ. ಇದಕ್ಕಿಂತ ಹೆಚ್ಚಿಗೆ ಡಾಕ್ಟರು ಏನು ಬರೆದುಕೊಟ್ಟಾನು?

ಗುರುವಾರ ಕರಿ ಕಾಯಿ ನನಗೆ.

ಆರ್ವಿಡ್ಸ್


ಸ್ಟಾಕ್ಟನ್
23 ಜುಲೈ 1984

ಶ್ರೀ ನೆವಿಲ್ ಟ್ರೆಸಿಡರ್ ಅವರಿಗೆ,

ನಾನು ವೆಲ್ಟಾ. ನಾನು ನಿಮಗೆ ಕಾಗದ ಬರೆಯುತ್ತಿರುವುದು ಇದೇ ಮೊದಲು. ನಿಮ್ಮ ಭಾಷೆಯಲ್ಲಿ ಬರೆಯುವುದು ನನಗೆ ಕಷ್ಟ, ತಪ್ಪಿದ್ದರೆ ಕ್ಷಮಿಸಿ.

ಪೇಪರಿನಲ್ಲಿ ನೋಡಿರುತ್ತೀರಿ. ಹೋದ ಮಂಗಳವಾರ ಬೆಳಗ್ಗೆ ಹತ್ತು ಗಂಟೆಗೆ ಇವರ ಕ್ರೇನಿನಿಂದ ಮರದ ಹೊರೆ ಬಿತ್ತು. ಕೆಳಗೆ ಟೆರಿ ಡನ್ಫಿ ಎನ್ನುವವರು ಇದ್ದರು. ನಲವತ್ತೊಂದು ವರ್ಷ, ಇಬ್ಬರು ಹೆಣ್ಣುಮಕ್ಕಳ ತಂದೆ. ಜೀವ ಉಳಿಯಿತು. ಎಡಗಾಲನ್ನು ಮೊಣಕಾಲಿನ ಕೆಳಗೆ ತೆಗೆದಿದ್ದಾರೆ.

ಇವರು ಹೊರೆಯನ್ನು ಗಾಳಿಯಲ್ಲಿ ನಿಲ್ಲಿಸಿ, ಕೊಕ್ಕೆ ಸಿಕ್ಕಿಸಿ, ಫ್ಲಾಸ್ಕಿನಿಂದ ಚಹಾ ಬಗ್ಗಿಸಿಕೊಳ್ಳಲು ಕೈ ತೆಗೆದೆ ಎನ್ನುತ್ತಾರೆ. ಮೇಲೆ ಹೋಗಿ ನೋಡಿದವರು ಕೊಕ್ಕೆ ಸಿಕ್ಕಿಸಿರಲಿಲ್ಲ ಎನ್ನುತ್ತಾರೆ. ಆರು ದಿನದಿಂದ ಮನೆಯಲ್ಲಿ ಇದೇ ಮಾತು. ಊಟಕ್ಕೆ ಕೂತರೆ, "ವೆಲ್ಟಾ, ನಾನು ಸಿಕ್ಕಿಸಿದ್ದೆ ಕಣೆ. ಕಬ್ಬಿಣ ಕೈಗೆ ತಣ್ಣಗೆ ತಾಗಿತ್ತು." ಸ್ನಾನಕ್ಕೆ ನೀರು ಬಿಟ್ಟರೆ ಬಾಗಿಲಾಚೆಯಿಂದ, "ನಾನು ಸಿಕ್ಕಿಸಿದ್ದೆ!" ಹೇಳುತ್ತಾ ಹೇಳುತ್ತಾ ಅಳುತ್ತಾರೆ. ಇವರು ಅಳುವುದನ್ನು ನಾನು ಯುದ್ಧದಲ್ಲೂ ನೋಡಿರಲಿಲ್ಲ.

ಆಗಸ್ಟ್ ಒಂಬತ್ತಕ್ಕೆ ವಿಚಾರಣೆ. ಇವರ ಪರ್ಸಿನಲ್ಲಿ ನಿಮ್ಮ ಕಾಗದವೊಂದಿದೆ, ನನಗೂ ಈಗಲೇ ಗೊತ್ತಾದದ್ದು. ಅದನ್ನು ವಿಚಾರಣೆಯಲ್ಲಿ ತೋರಿಸುತ್ತಾರಂತೆ. "ನೆವ್ ಬರೆದಿದ್ದಾನೆ ನೋಡು, ನನ್ನ ಕೈ ಮರೆಯೋ ಕೈ ಅಲ್ಲ. ಗಡಿಯಾರ ಕೆಟ್ಟ ಹಾಗೇ ಬ್ರೇಕೂ ಕೆಟ್ಟಿರುತ್ತೆ. ನೆವ್ ಬಂದು ಹೇಳ್ತಾನೆ," ಅನ್ನುತ್ತಾರೆ.

ನೀವು ಬರುತ್ತೀರಾ? ಬ್ರೇಕಿನದೇ ತಪ್ಪು ಎಂದಾದರೆ ಮತ್ತೆ ಕೆಲಸಕ್ಕೆ ಕರೆಯಬಹುದು ಎಂದು ಯೂನಿಯನ್‌ನವರು ಹೇಳಿದರು. ಇವರಿಗೆ ನಿಮ್ಮನ್ನು ಬಿಟ್ಟರೆ ಸಾಕ್ಷಿ ಹೇಳುವವರು ಇಲ್ಲ.

ನಿಮ್ಮ ವಿಶ್ವಾಸಿ,
ವೆಲ್ಟಾ ಸ್ಪ್ರೋಗಿಸ್


ಹ್ಯಾಮಿಲ್ಟನ್
25 ಜುಲೈ 1984

ಆರ್ವಿಡ್ಸ್,

ವೆಲ್ಟಾ ಇದನ್ನು ನಿನಗೆ ಓದಿ ಹೇಳಲಿ, ಇಬ್ಬರೂ ಒಟ್ಟಿಗೆ ಕೂತು ಓದಿ.

ನಾನು ಗಡಿಯಾರ ಬಿಚ್ಚಲೇ ಇಲ್ಲ. ತಿರುಗಣಿ ಸವೆದಿಲ್ಲ, ಸ್ಪ್ರಿಂಗು ಬದಲಿಸಿಲ್ಲ. ನಾಲ್ಕನೇ ನಂಬರಿನ ಗಡಿಯಾರ ಮಾರ್ಚ್ ಒಂದರಂದೂ ಸರಿಯಾಗಿತ್ತು, ಇವತ್ತೂ ಸರಿಯಾಗಿದೆ. ಬಿಚ್ಚುವ ಅಗತ್ಯವೇ ಇರಲಿಲ್ಲ. ಯಾಕೆಂದರೆ ನೀನು ಒತ್ತಲಿಲ್ಲ ಎಂಬುದನ್ನು ನಾನು ನೋಡಿದ್ದೆ.

ನೀನು ಕುದುರೆ ಇಟ್ಟೆ. ಹಾಳೆಯ ಮೇಲೆ ನಡೆ ಬರೆದೆ. ಪೆನ್ನು ಕೆಳಗಿಟ್ಟು ಕೈಕಟ್ಟಿ ಕೂತೆ. ನಿನ್ನ ಕೈ ಗುಂಡಿಯ ಹತ್ತಿರಕ್ಕೂ ಹೋಗಲಿಲ್ಲ. ಆಗ ನಿನಗೆ ಹದಿನೆಂಟು ನಿಮಿಷ ಉಳಿದಿತ್ತು. ಈಗ ನೆನಪಾಗುತ್ತದೆ ಅವನಿಗೆ ಎಂದು ಒಂದು ನಿಮಿಷ ಕಾದೆ. ಇನ್ನೊಂದು ನಿಮಿಷ ನೋಡಿ ಹೇಳೋಣ ಎಂದುಕೊಂಡೆ. ಐದು ನಿಮಿಷವಾದ ಮೇಲೆ, ಇಷ್ಟು ಹೊತ್ತು ಸುಮ್ಮನಿದ್ದು ಈಗ ಹೇಳಿದರೆ ಏನಂದುಕೊಂಡಾನು ಎಂದು ನಾಚಿಕೆಯಾಯಿತು. ಹತ್ತರ ಮೇಲೆ ನಾಚಿಕೆಯೂ ಹೋಯಿತು. ಗೋಡೆಯ ಹಲಗೆಯೇ ಕಣ್ಣ ಮುಂದೆ. ನೀನು ತಲೆ ಎತ್ತಿದರೆ ನನ್ನ ಮುಖ ಕಾಣಬಾರದೆಂದು ಎರಡೂ ಕೈಯಲ್ಲಿ ತಲೆ ಹಿಡಿದುಕೊಂಡೆ. ನಾನು ಯೋಚಿಸುತ್ತಿರಲಿಲ್ಲ ಆರ್ವಿಡ್ಸ್, ನಿಮಿಷ ಎಣಿಸುತ್ತಿದ್ದೆ.

ಎದುರಾಳಿಗೆ ಹೇಳಲೇಬೇಕೆಂಬ ನಿಯಮವಿಲ್ಲ. ಆದರೆ ನಮ್ಮ ಕ್ಲಬ್ಬಿನಲ್ಲಿ ಹೇಳದೆ ಬಿಟ್ಟವರು ಯಾರು? "ಗಡಿಯಾರ, ಮಾರಾಯ" ಅನ್ನುತ್ತೇವೆ, ಅಷ್ಟೆ, ಎರಡು ಮಾತು. ಎಪ್ಪತ್ತೊಂದರಲ್ಲಿ ನೀನು ನನಗೆ ಹೇಳಿದ್ದೆ, ಹೇಳಿ ಆ ಆಟ ಸೋತಿದ್ದೆ.

ಅದು ಒಂದು ತಪ್ಪು. ಎರಡನೆಯದಕ್ಕೆ ಹೆಸರು ಹುಡುಕಲು ಆಗುತ್ತಿಲ್ಲ. ಕೆಳಗೆ ಜನ ಓಡಾಡುತ್ತಾರೆ ಎಂದು ನೀನು ಬಿಡಿಸಿ ಬರೆದಿದ್ದೆ. ಓದಿದೆ, ಅರ್ಥವಾಯಿತು. ಒತ್ತಲಿಲ್ಲ ಎಂದು ಬರೆದರೆ, "ನಿನಗೆ ಹೇಗೆ ಗೊತ್ತು, ನೋಡುತ್ತಾ ಕೂತಿದ್ದೆಯಾ?" ಎಂದು ಕೇಳುತ್ತೀಯ. ಆ ಪ್ರಶ್ನೆಗೆ ಹೆದರಿದೆ. ನಿನ್ನ ಕೆಲಸ ಉಳಿಯಲಿ ಎಂದು ಬರೆದೆ ಎಂದು ನನಗೆ ನಾನೇ ಹೇಳಿಕೊಂಡೆ. ಅದು ಸುಳ್ಳು. ನನ್ನ ಮಾನ ಉಳಿಯಲಿ ಎಂದು ಬರೆದೆ. ಜೂನಿನಲ್ಲಿ ನಿನ್ನ ಗುಂಡಿಯನ್ನು ಮೇಜಿನ ಮೇಲೆ ಬಗ್ಗಿ ನಾನೇ ಒತ್ತುತ್ತಿದ್ದೆ, ನಾಲ್ಕು ಸಲ ಒತ್ತಿದೆ. ಆಗಲೂ ಬಾಯಿ ಬಿಡದೆ ಬೆನ್ನುನೋವಿನ ಕಥೆ ಬರೆದೆ.

ಒಂಬತ್ತನೇ ತಾರೀಖು ಬರುತ್ತೇನೆ, ವೆಲ್ಟಾ. ಆದರೆ ನೀವು ಕೇಳಿದ್ದನ್ನು ಹೇಳುವುದಿಲ್ಲ. ಇವನ ಕೈ ಮರೆಯುತ್ತದೆ, ಮರೆತದ್ದು ಇವನಿಗೆ ತಿಳಿಯುವುದಿಲ್ಲ, ಇದು ನನಗೆ ಮಾರ್ಚಿನಿಂದ ಗೊತ್ತಿತ್ತು ಎಂದು ಹೇಳುತ್ತೇನೆ. ಬ್ರೇಕಿನ ತಪ್ಪು ಎಂದು ಬರೆದುಕೊಂಡರೆ ಇವನು ಮತ್ತೆ ಮೇಲೆ ಹತ್ತುತ್ತಾನೆ.

ಕ್ಷಮೆ ಕೇಳುವ ಮುಖ ನನಗಿಲ್ಲ.

ನೆವಿಲ್


ಸ್ಟಾಕ್ಟನ್
20 ಆಗಸ್ಟ್ 1984

ನೆವ್,

ವೆಲ್ಟಾ ಪಕ್ಕದಲ್ಲಿ ಕೂತಿದ್ದಾಳೆ. ಬರೆದ ಸಾಲನ್ನೇ ಮತ್ತೆ ಬರೆದರೆ ಮೊಣಕೈಯಲ್ಲಿ ತಿವಿಯುತ್ತಾಳೆ.

ವಿಚಾರಣೆಯಲ್ಲಿ ನೀನು ಹೇಳಿದ್ದು ನನಗೆ ಕೇಳಿಸಲಿಲ್ಲ, ನಿನ್ನ ಬಾಯಿ ಆಡುವುದು ಮಾತ್ರ ಕಂಡಿತು. ಆಮೇಲೆ ವೆಲ್ಟಾ ಹೇಳಿದಳು. ನಿನ್ನ ಏಪ್ರಿಲ್ ಕಾಗದವನ್ನು ನಾನು ಪರ್ಸಿನಿಂದ ತೆಗೆಯಲಿಲ್ಲ. ಕೆಲಸ ಮುಗಿಯಿತು. ಡಾಕ್ಟರು ಕಾಯಿಲೆಗೊಂದು ಹೆಸರು ಹೇಳಿದ್ದಾರೆ, ಅದನ್ನು ನೆನಪಿಟ್ಟುಕೊಳ್ಳುವ ಜವಾಬ್ದಾರಿ ವೆಲ್ಟಾಳದು.

ಕೆಲವು ಸಂಗತಿ ಇನ್ನೂ ಗಟ್ಟಿಯಾಗಿ ನೆನಪಿವೆ, ಅವು ಹೋಗುವ ಮೊದಲು ಬರೆಯುತ್ತೇನೆ. ಆ ಹದಿನೆಂಟು ನಿಮಿಷ ನಾನು ಏನು ಮಾಡುತ್ತಿದ್ದೆ ಎಂದು ನೀನು ಒಮ್ಮೆಯೂ ಕೇಳಲಿಲ್ಲ. ಬೋರ್ಡಿನ ಮೇಲೆ ಇಬ್ಬರಿಗೂ ಸಮ ಇತ್ತು. ನೀನು ತಲೆ ಹಿಡಿದುಕೊಂಡದ್ದು ನೋಡಿ ಅಯ್ಯೋ ಪಾಪ ಅನ್ನಿಸಿತು. ನನ್ನ ಹೆಸರು ಐದು ಸಲ ಇದೆ, ನಿನ್ನದು ಒಂದೂ ಇಲ್ಲ. ಆಟ ಡ್ರಾ ಆದರೆ ಇಬ್ಬರೂ ಚಾಂಪಿಯನ್ನರು, ಎರಡೂ ಹೆಸರು ಒಂದೇ ಸಾಲಿನಲ್ಲಿ ಬರುತ್ತವೆ. ನೀನು ಆಡಿದ ತಕ್ಷಣ ಡ್ರಾ ಕೇಳೋಣ ಎಂದು ತೀರ್ಮಾನಿಸಿದೆ. ಎದುರಾಳಿಯ ಹೊತ್ತು ಓಡುವಾಗ ಬಾಯಿ ಹಾಕಿ ಡ್ರಾ ಕೇಳಬಾರದು, ಅದು ಮರ್ಯಾದೆಯಲ್ಲ. ಅದಕ್ಕೇ ನಿನ್ನ ನಡೆಗಾಗಿ ಕಾಯುತ್ತಾ ಕೂತಿದ್ದೆ.

ಮಾರ್ಚಿನಲ್ಲಿ ನೀನು ಮಾಡಿದ್ದು ಆಟದೊಳಗಿನದು. ಅದನ್ನು ಮನ್ನಿಸಿದ್ದೇನೆ, ವೆಲ್ಟಾ ಮನ್ನಿಸಿಲ್ಲ. ಏಪ್ರಿಲ್‌ನಲ್ಲಿ ಬರೆದದ್ದನ್ನು ಮನ್ನಿಸಲು ನಾನು ಯಾರು? ಬಿದ್ದದ್ದು ನನ್ನ ಕಾಲಿನ ಮೇಲಲ್ಲ. ನಾನು ಡನ್ಫಿಯ ಮನೆಗೆ ಹೋಗಿ ಬಂದೆ. ಎರಡು ಸಲ ಹೋದೆನಂತೆ. ನೀನೂ ಹೋಗು. ಹೋಗಿ ಎಲ್ಲ ಹೇಳು, ಆ ಗುರುವಾರದಿಂದ ಶುರು ಮಾಡಿ ಹೇಳು.

ಆರ್ವಿಡ್ಸ್


ಹ್ಯಾಮಿಲ್ಟನ್
2 ಸೆಪ್ಟೆಂಬರ್ 1984

ಆರ್ವಿಡ್ಸ್,

ನಿನ್ನೆ ಮಧ್ಯಾಹ್ನ ಹೋಗಿದ್ದೆ. ಮೇಫೀಲ್ಡಿನಲ್ಲಿ ಮನೆ. ಡನ್ಫಿ ಮುಂದಿನ ಜಗಲಿಯಲ್ಲಿ ಬಿಸಿಲಿಗೆ ಕೂತಿದ್ದ.

"ವಾಚ್ ರಿಪೇರಿಯವ್ರು ನೀವೇನಾ?" ಅಂದ.

"ಹೌದು."

"ಕೂತ್ಕೊಳ್ಳಿ. ಕಾಲ್ ನೋಡ್ಬೇಡಿ, ಬಂದವ್ರೆಲ್ಲ ಅದನ್ನೇ ನೋಡ್ತಾರೆ. ಮುಖ ನೋಡಿ ಮಾತಾಡಿ."

ಅವನ ಮುಖ ನೋಡಿಯೇ ಹೇಳಿದೆ. ನೀನು ಹೇಳಿದ ಹಾಗೆ ಆ ಗುರುವಾರದಿಂದ ಶುರು ಮಾಡಿದೆ: ಕುದುರೆ, ಗುಂಡಿ, ಹಲಗೆ, ನಿನ್ನ ಕಾಗದ, ನನ್ನ ಕಾಗದ. ಬೈಯುತ್ತಾನೆ, ಎದ್ದು ಹೋಗು ಎನ್ನುತ್ತಾನೆ ಎಂದು ಕಾದೆ. ನಿಜ ಹೇಳಬೇಕೆಂದರೆ ಹಾಗಾಗಲಿ ಎಂದೇ ಬಯಸಿದೆ. ಅವನು ಸಿಗರೇಟು ಹಚ್ಚಿದ.

"ಕಾಗದದ ವಿಷ್ಯ ನಂಗೆ ಅರ್ಥ ಆಯ್ತು," ಅಂದ. "ಹೆದ್ರಿಕೆಗೆ ಸುಳ್ಳು ಹೇಳಿದ್ರಿ. ಹೆದ್ರಿಕೊಂಡು ಸುಳ್ಳು ಹೇಳೋರನ್ನ ವಾರ್ಫಲ್ಲಿ ದಿನಾ ನೋಡಿದ್ದೀನಿ, ನಾನೂ ಹೇಳಿದ್ದೀನಿ. ಮೊದಲ್ನೇದು ಅರ್ಥ ಆಗ್ಲಿಲ್ಲ. ನಂಗೆ ಚೆಸ್ ಬರಲ್ಲ, ಅದಕ್ಕೂ ಇರ್ಬಹುದು. ಎಷ್ಟು ಹೊತ್ತು ಅಂದ್ರಿ?"

"ಹದಿನೆಂಟು ನಿಮಿಷ."

"ಎದುರಿಗೇ ಕೂತು?"

"ಎದುರಿಗೇ."

"ಮರ ಎತ್ತಿ ನನ್ನ ಹೊರಗೆ ಎಳ್ಯೋಕೆ ಹನ್ನೊಂದು ನಿಮಿಷ ಆಯ್ತು. ಕೈ ಗಡಿಯಾರ ಕಣ್ಣೆದುರಿಗೇ ಇತ್ತು, ನೋಡ್ತಾನೇ ಇದ್ದೆ. ಹನ್ನೊಂದೇ. ಅದು ಮುಗಿಯೋದೇ ಇಲ್ಲ ಅನ್ನಿಸ್ತು ನಂಗೆ. ಅಂಥದ್ರಲ್ಲಿ ಹದಿನೆಂಟು ಹೇಗ್ರೀ ಕೂತ್ರಿ ನೀವು?"

ಚುಚ್ಚಿ ಕೇಳಿದ್ದಲ್ಲ ಆರ್ವಿಡ್ಸ್. ಗೊತ್ತಿಲ್ಲದೆ, ತಿಳಿದುಕೊಳ್ಳಬೇಕೆಂದೇ ಕೇಳಿದ. ಅವನ ಹೆಂಡತಿ ಚಹಾ ತಂದು ಕೊಟ್ಟಳು, ಕುಡಿದೆ. ಲೋಟ ಕೆಳಗಿಟ್ಟಾಗಲೂ ಅವನು ನನ್ನ ಮುಖವನ್ನೇ ನೋಡುತ್ತಾ ಉತ್ತರಕ್ಕೆ ಕಾಯುತ್ತಿದ್ದ.

ನೆವಿಲ್